‘ಸಾಧಾರಣ’ ಎಂದರೆ ಎಷ್ಟು ಮಳೆ?

ಮಗಳು ಮೂರನೇ ಕ್ಲಾಸು. ಹೋದ ವಾರ ರಾತ್ರಿ ಇಂಗ್ಲಿಷ್ ಹೋಂವರ್ಕ್ ಹಿಡಿದುಕೊಂಡು ಬಂದಳು. ಹಾಟ್, ಕೋಲ್ಡ್, ಬಾಯ್ಲಿಂಗ್, ವಾರ್ಮ್ ಎಂದು ನಾಲ್ಕು ಪದ ಕೊಟ್ಟಿದ್ದರು. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆಯಬೇಕು. ನಾನು ಹೇಳಿಕೊಡುವ ಮೊದಲೇ ಅವಳು ಬೆರಳು ಮಡಚಿ ಎಣಿಸತೊಡಗಿದಳು. “ಕೋಲ್ಡ್ ಅಂದ್ರ ಕೊಡದಾಗಿನ ನೀರು. ವಾರ್ಮ್ ಅಂದ್ರ ತಮ್ಮಗ ಎರಿಯೋ ನೀರು. ಹಾಟ್ ಅಂದ್ರ ನೀ ಜಳಕ ಮಾಡೋ ನೀರು. ಬಾಯ್ಲಿಂಗ್ ಅಂದ್ರ ಚಾದ್ದು.” ಎರಡು ನಿಮಿಷದಲ್ಲಿ ಬರೆದು ಮುಗಿಸಿ ಮಲಗಲು ಹೋದಳು.

ನಾನು ಅಲ್ಲೇ ಕುಳಿತೆ. ಯಾಕೆಂದರೆ ಇದೇ ಹೋಂವರ್ಕನ್ನು ಸುಮಾರು ಹತ್ತು ವರ್ಷದಿಂದ ನಾನೂ ಮಾಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರುವ ಪದಗಳನ್ನು ಕನ್ನಡಕ್ಕೆ ಇಳಿಸುವುದೇ ಸ್ಟ್ರಿಂಗರ್ ಕೆಲಸದ ಅರ್ಧ ಭಾಗ. ಹವಾಮಾನ ಮುನ್ಸೂಚನೆ, ಬರದ ಘೋಷಣೆ, ಆಸ್ಪತ್ರೆಯ ಮಾತು, ಎಫ್‌ಐಆರ್, ಅಂಗನವಾಡಿಯ ಅಂಕಿಅಂಶ ಎಲ್ಲದರಲ್ಲೂ ಒಂದೊಂದು ಏಣಿ ಇದೆ. ಮಗಳು ಸರಿಯಾಗಿ ಜೋಡಿಸಿದಳು. ನಾನು ಬಹಳ ಸಲ ತಪ್ಪಾಗಿ ಜೋಡಿಸಿದ್ದೇನೆ, ನೀವೂ ಜೋಡಿಸಿದ್ದೀರಿ ಎಂದು ನನ್ನ ಅಂದಾಜು. ಆ ತಪ್ಪಿಗೆ ಬೆಲೆ ತೆರುವವರು ಬೇರೆ ಯಾರೋ ಆಗಿರುತ್ತಾರೆ.

ನನ್ನ ತಪ್ಪಿಗೆ ತೆತ್ತವನು ನನ್ನ ಕಾಕಾ.

ಕೆಲವು ವರ್ಷಗಳ ಹಿಂದಿನ ಮಾತು. ಅಕ್ಟೋಬರ್ ತಿಂಗಳು, ಚಿತ್ತಾ ಮಳೆಯ ದಿನಗಳು. ನಮ್ಮ ಕಡೆ ಮೆಕ್ಕೆಜೋಳ ಕಿತ್ತು, ಒಕ್ಕಿ, ಕಣ ಸಾಲದೆ ರಸ್ತೆಯ ಮೇಲೂ ಹರವುವ ಕಾಲ. ಸಂಜೆ ವಾಟ್ಸ್‌ಆ್ಯಪ್ ಗ್ರೂಪಿಗೆ ಮರುದಿನದ ಮುನ್ಸೂಚನೆ ಇಂಗ್ಲಿಷಿನಲ್ಲಿ ಬಂತು: ನಮ್ಮ ಜಿಲ್ಲೆಗೆ ‘ಲೈಟ್ ಟು ಮಾಡರೇಟ್ ರೇನ್’. ನಾನು ಎಂದಿನಂತೆ ‘ಹಗುರದಿಂದ ಸಾಧಾರಣ ಮಳೆ ಸಾಧ್ಯತೆ’ ಎಂದು ಎರಡು ಸಾಲು ಬರೆದು ಕಳಿಸಿದೆ. ಜಾಗ ಕಡಿಮೆ ಇತ್ತೇನೋ, ಡೆಸ್ಕಿನವರು ‘ಹಗುರ’ ತೆಗೆದು ‘ಜಿಲ್ಲೆಯಲ್ಲಿ ಸಾಧಾರಣ ಮಳೆ’ ಎಂದು ಹಾಕಿದರು. ಕಾಕಾ ಬೆಳಿಗ್ಗೆ ಚಹಾದಂಗಡಿಯಲ್ಲಿ ಅದನ್ನು ಓದಿದ. ಹರವಿದ ಕಾಳನ್ನು ರಾಶಿ ಮಾಡಿ ತಾಡಪತ್ರಿ ಹೊದಿಸಲು ಇಬ್ಬರು ಆಳು ಬೇಕು. ಸಾಧಾರಣ ಮಳೆಗೆ ಆಳಿನ ಖರ್ಚು ಯಾಕೆ ಎಂದು ಬಿಟ್ಟ.

ಆ ರಾತ್ರಿ ನಮ್ಮ ಹೋಬಳಿಯಲ್ಲಿ 58 ಮಿಲಿಮೀಟರ್ ಮಳೆಯಾಯಿತು.

ಮರುದಿನ ‘ಮಳೆಗೆ ಮೆಕ್ಕೆಜೋಳ ಹಾನಿ’ ಎಂಬ ಸುದ್ದಿಗೆ ಫೋಟೊ ತೆಗೆಯಲು ಹೋದವನು ನಾನೇ. ಕಾಕಾ ಮೊಣಕಾಲೂರಿ ಕುಳಿತು ಅಂಗೈಯಲ್ಲಿ ಕಾಳು ಹಿಂಡಿ ತೋರಿಸಿದ. “ನೀನಽ ಬರದಿದ್ದೆಲ್ಲಪಾ, ಸಾಧಾರಣ ಮಳಿ ಅಂತ. ಇದು ಸಾಧಾರಣ ಏನು?” ಎಂದ. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. ನಾಲ್ಕು ದಿನಕ್ಕೆ ಕಾಳು ಮೊಳಕೆ ಒಡೆಯಿತು, ಬೂಸು ಹಿಡಿಯಿತು. ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶ ಶೇ 14 ದಾಟಬಾರದು. ಕಾಕಾನ ಕಾಳಿಗೆ ತೇವಾಂಶದ ಮೀಟರ್ ಹಿಡಿಯುವ ಅಗತ್ಯವೂ ಇರಲಿಲ್ಲ, ಮುಖ ನೋಡಿಯೇ ವ್ಯಾಪಾರಿ ದರ ಇಳಿಸಿದ.

ಆಮೇಲೆ ಮನೆಗೆ ಬಂದು ಹವಾಮಾನ ಇಲಾಖೆಯ ಪದಗಳ ಅರ್ಥ ಹುಡುಕಿದೆ. ನಿಜ ಹೇಳಬೇಕೆಂದರೆ, ಅಷ್ಟು ವರ್ಷ ಮುನ್ಸೂಚನೆ ಬರೆದವನು ಅದನ್ನು ಹುಡುಕಿದ್ದು ಅದೇ ಮೊದಲು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕ ಇದು. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆವರೆಗಿನ 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ‘ಲೈಟ್’. 15.6ರಿಂದ 64.4ರವರೆಗೆ ‘ಮಾಡರೇಟ್’. 64.5ರಿಂದ 115.5ರವರೆಗೆ ‘ಹೆವಿ’. 115.6ರಿಂದ 204.4ರವರೆಗೆ ‘ವೆರಿ ಹೆವಿ’. 204.5 ದಾಟಿದರೆ ‘ಎಕ್ಸ್‌ಟ್ರೀಮ್ಲಿ ಹೆವಿ’.

58 ಮಿ.ಮೀ. ಎಲ್ಲಿದೆ ನೋಡಿ. ‘ಮಾಡರೇಟ್’ನ ಒಳಗೇ ಇದೆ. ಮುನ್ಸೂಚನೆ ತಪ್ಪಿರಲಿಲ್ಲ. ನಿಘಂಟು ತೆಗೆದು ನೋಡಿದರೆ ‘ಮಾಡರೇಟ್’ಗೆ ‘ಸಾಧಾರಣ’ ಎನ್ನುವುದೂ ತಪ್ಪಲ್ಲ. ಎಲ್ಲರೂ ಸರಿಯಾಗಿಯೇ ಇದ್ದೆವು, ಕಾಕಾನ ಜೋಳ ಮಾತ್ರ ತೊಯ್ದಿತ್ತು.

ತಪ್ಪು ಎಲ್ಲಾಯಿತು ಎಂದರೆ, ಇಂಗ್ಲಿಷಿನ ‘ಮಾಡರೇಟ್’ ಏಣಿಯ ನಡುವಿನ ಮೆಟ್ಟಿಲು. ಕೆಳಗೆ ಒಂದಿದೆ, ಮೇಲೆ ಮೂರಿವೆ, ನಡುವೆ ಇದು ನಿಂತಿದೆ. ಕನ್ನಡದ ‘ಸಾಧಾರಣ’ ಯಾವ ಏಣಿಯ ಮೇಲೂ ಇಲ್ಲ, ಅದು ನೆಲದ ಮೇಲಿದೆ. ಸಾಧಾರಣ ಸೀರೆ, ಸಾಧಾರಣ ಊಟ, ಸಾಧಾರಣ ಮನುಷ್ಯ ಎನ್ನುವಾಗ ‘ವಿಶೇಷ ಏನೂ ಇಲ್ಲ’ ಎಂದೇ ನಮ್ಮ ಅರ್ಥ. ಸಾಧಾರಣ ಮಳೆ ಎಂದರೆ ಕಾಕಾನಿಗೆ ಕೇಳಿಸಿದ್ದು ‘ಚಿಂತೆ ಬೇಡ’ ಎಂದು. 58 ಮಿ.ಮೀ. ಎಂದರೆ ಒಂದು ಎಕರೆಯ ಮೇಲೆ ಸುಮಾರು 2 ಲಕ್ಷ 35 ಸಾವಿರ ಲೀಟರ್ ನೀರು. ಆರು ಸಾವಿರ ಲೀಟರಿನ ಟ್ಯಾಂಕರುಗಳು ಹತ್ತಿರ ಹತ್ತಿರ ನಲವತ್ತು. ನಲವತ್ತು ಟ್ಯಾಂಕರ್ ನೀರನ್ನು ನಾನು ‘ವಿಶೇಷ ಏನೂ ಇಲ್ಲ’ ಎಂದು ಬರೆದಿದ್ದೆ.

ಇದು ಮಳೆಗೆ ಮಾತ್ರ ಸೀಮಿತವಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ‘ಸಾಧಾರಣ’ ನಮ್ಮ ಪ್ರತಿಯೊಂದು ಬೀಟಿನಲ್ಲೂ ಕೂತಿದೆ.

ಅಂಗನವಾಡಿಗೆ ಹೋಗಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾರೆ. ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ‘ಸಿವಿಯರ್’. 11.5ರಿಂದ 12.5ರ ನಡುವೆ ಹಳದಿ, ‘ಮಾಡರೇಟ್’. ನಾವು ಬರೆಯುವುದು ‘ತೀವ್ರ ಅಪೌಷ್ಟಿಕತೆ’ ಮತ್ತು ‘ಸಾಧಾರಣ ಅಪೌಷ್ಟಿಕತೆ’. ಎರಡನೆಯದನ್ನು ಜೋರಾಗಿ ಓದಿ ನೋಡಿ. ಮಗುವಿಗೆ ಏನೂ ಆಗಿಲ್ಲ, ಎಲ್ಲ ಮಕ್ಕಳಂತೆ ಸ್ವಲ್ಪ ತೆಳ್ಳಗಿದೆ ಎಂಬಂತೆ ಕೇಳಿಸುತ್ತದೆ. ಆದರೆ ಆಹಾರ, ಆರೈಕೆ ಸಿಗದಿದ್ದರೆ ಕೆಂಪಿಗೆ ಜಾರುವ ಮಗು ಅದೇ. ಅದನ್ನು ತಡೆಯಲು ಸಮಯ ಇರುವುದೂ ಆಗಲೇ. ಸುದ್ದಿಯಲ್ಲಿ ಕೆಂಪಿನ ಸಂಖ್ಯೆ ತಲೆಬರಹಕ್ಕೆ ಹೋಗುತ್ತದೆ, ಹಳದಿಯದು ಕೊನೆಯ ಸಾಲಿಗೆ. ‘ಸಾಧಾರಣ’ ಎಂದು ಬರೆದಮೇಲೆ ಅದಕ್ಕಿಂತ ಮೇಲಿನ ಜಾಗ ಯಾರು ಕೊಟ್ಟಾರು?

ಬರಕ್ಕೆ ಬನ್ನಿ. 2023ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮೊದಲ ಪಟ್ಟಿಯಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಅದರಲ್ಲಿ 161 ‘ತೀವ್ರ’, 34 ‘ಸಾಧಾರಣ’. ನಂತರದ ಪಟ್ಟಿಗಳು ಸೇರಿ ಒಟ್ಟು 223 ತಾಲ್ಲೂಕುಗಳಾದವು. ಆಗ ನಮ್ಮಲ್ಲಿ ಅನೇಕರು ‘ಸಾಧಾರಣ ಬರ’ ಎಂದು ಕಣ್ಣು ಮಿಟುಕಿಸದೆ ಬರೆದೆವು. ಬಿತ್ತಿದ ಬೀಜ ಕಣ್ಣೆದುರು ಒಣಗಿದ ಹೊಲದ ಬದುವಿನಲ್ಲಿ ನಿಂತು ರೈತನಿಗೆ ‘ನಿಮ್ಮದು ಸಾಧಾರಣ ಬರ’ ಎಂದು ಹೇಳಲು ನಮಗೆ ಧೈರ್ಯ ಬರುತ್ತಿತ್ತೇ? ಇಲ್ಲಿ ಪದದ ಹಿಂದೆ ದುಡ್ಡೂ ಇದೆ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ರಾಷ್ಟ್ರೀಯ ವಿಪತ್ತು ನಿಧಿಯ ನೆರವು ಕೇಳಬೇಕಾದರೆ ಬರ ‘ತೀವ್ರ’ ಸ್ವರೂಪದ್ದಾಗಿರಬೇಕು. ಅಂದರೆ ಎರಡು ಪದಗಳ ನಡುವಿನ ಗೆರೆಯೇ ಪರಿಹಾರದ ಗೆರೆ. ನಾವು ಆ ಗೆರೆ ಎಲ್ಲಿದೆ, ಯಾವ ಅಳತೆಯಿಂದ ಎಳೆದರು ಎಂದು ಬರೆಯುವ ಬದಲು ಪದವನ್ನು ಅನುವಾದಿಸಿ ಕೈತೊಳೆದುಕೊಂಡೆವು. ಮಳೆ ಎಷ್ಟು ಕೊರತೆ, ಮಣ್ಣಿನ ತೇವ ಎಷ್ಟು, ಬೆಳೆಯ ಸ್ಥಿತಿ ಏನು, ಜಲಾಶಯದಲ್ಲಿ ನೀರೆಷ್ಟು ಎಂಬುದನ್ನೆಲ್ಲ ನೋಡಿ ಎಳೆಯುವ ಗೆರೆ ಅದು. ಅದು ಓದುಗರಿಗೆ ತಿಳಿಯಬೇಕಾದ ಸುದ್ದಿಯಾಗಿತ್ತು.

ಇದು ಏಣಿಯ ನಡುವಿನ ಕತೆ. ಮೇಲಿನ ಮೆಟ್ಟಿಲುಗಳ ಕತೆ ಇದಕ್ಕೆ ತಿರುಗುಮುರುಗು.

ನಡುವಿನದೆಲ್ಲ ‘ಸಾಧಾರಣ’ವಾದರೆ, ಅದಕ್ಕಿಂತ ಮೇಲಿನದೆಲ್ಲ ನಮಗೆ ‘ಭಾರಿ’. 70 ಮಿ.ಮೀ. ಬಿದ್ದರೂ ಭಾರಿ, 170 ಬಿದ್ದರೂ ಭಾರಿ, 270 ಬಿದ್ದರೂ ಭಾರಿ. ಶಾಸ್ತ್ರಕ್ಕೆ ‘ಅತಿ ಭಾರಿ’, ‘ಅತ್ಯಂತ ಭಾರಿ’ ಎಂದು ಬರೆಯುತ್ತೇವೆ, ನಿಜ. ಆದರೆ ‘ಅತಿ’ ದೊಡ್ಡದೋ ‘ಅತ್ಯಂತ’ ದೊಡ್ಡದೋ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರನ್ನು ಕೇಳಿ. ಎರಡೂ ಒಂದೇ ಎನ್ನುವವರೇ ಹೆಚ್ಚು ಸಿಗುತ್ತಾರೆ. ಅವರ ತಪ್ಪಲ್ಲ. ಇಂಗ್ಲಿಷಿನಲ್ಲೂ ‘ವೆರಿ’ ಮತ್ತು ‘ಎಕ್ಸ್‌ಟ್ರೀಮ್ಲಿ’ ನಡುವೆ ದೇವರು ಗೆರೆ ಎಳೆದು ಕೊಟ್ಟಿಲ್ಲ. ಇಲಾಖೆ ಕುಳಿತು 204.4 ಎಂದು ಎಳೆದ ಗೆರೆ ಅದು. ಗೆರೆಯನ್ನು ಅಲ್ಲೇ ಬಿಟ್ಟು ಪದವನ್ನು ಮಾತ್ರ ಹೊತ್ತು ತಂದರೆ ಕೈಗೆ ಏನೂ ಸಿಗುವುದಿಲ್ಲ.

ಆ ಗೆರೆ ಎಷ್ಟು ಮುಖ್ಯ ಎಂಬುದಕ್ಕೆ ಪಕ್ಕದ ವಯನಾಡೇ ಸಾಕ್ಷಿ. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಮರುದಿನವೇ ಮುನ್ಸೂಚನೆಯ ಬಗ್ಗೆ ಜಗಳ ಶುರುವಾಯಿತು. ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು ಎಂದು ಕೇಂದ್ರ ಗೃಹ ಸಚಿವರು ರಾಜ್ಯಸಭೆಯಲ್ಲಿ ಹೇಳಿದರು. ಕುಸಿತಕ್ಕೆ ಮುಂಚೆ ಇದ್ದದ್ದು ಆರೆಂಜ್ ಅಲರ್ಟ್ ಮಾತ್ರ, 115ರಿಂದ 204 ಮಿ.ಮೀ. ಮಳೆ ಎಂದಿದ್ದರು, ಬಿದ್ದದ್ದು 48 ಗಂಟೆಯಲ್ಲಿ 572 ಮಿ.ಮೀ., ರೆಡ್ ಅಲರ್ಟ್ ಬಂದದ್ದು ಎಲ್ಲ ಮುಗಿದ ಮೇಲೆ ಎಂದು ಕೇರಳದ ಮುಖ್ಯಮಂತ್ರಿ ಉತ್ತರಿಸಿದರು. ಯಾರು ಸರಿ ಎಂಬ ತೀರ್ಪು ಕೊಡಲು ನಾನು ಹೊರಟಿಲ್ಲ. ನೋಡಬೇಕಾದ್ದು ಇಷ್ಟೇ: 115ರಿಂದ 204 ಎಂದರೆ ಸರಿಯಾಗಿ ‘ವೆರಿ ಹೆವಿ’ ಮೆಟ್ಟಿಲು. ಅದರ ಮೇಲಿನ ಮೆಟ್ಟಿಲಿನ ಮಾತು ಹಿಂದಿನ ದಿನವೇ ಬಂದಿತ್ತೋ ಇಲ್ಲವೋ ಎಂಬುದರ ಮೇಲೆ ಒಂದು ಸರ್ಕಾರ ಮತ್ತೊಂದು ಸರ್ಕಾರದ ಜೊತೆ ವಾದಿಸಿತು. ಅದೇ ಮುನ್ಸೂಚನೆ ನಮ್ಮ ಜಿಲ್ಲೆಗೆ ಬಂದಿದ್ದರೆ, ಆರೆಂಜ್ ಇರಲಿ ರೆಡ್ ಇರಲಿ, ನಮ್ಮ ಪುಟದಲ್ಲಿ ಎರಡೂ ದಿನ ‘ಭಾರಿ ಮಳೆ ಸಾಧ್ಯತೆ’ ಎಂದೇ ಇರುತ್ತಿತ್ತು.

ಬಣ್ಣಗಳ ವಿಷಯವೂ ಹೀಗೆಯೇ. ಹಳದಿ ಎಂದರೆ ಗಮನವಿಡಿ, ಆರೆಂಜ್ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಬಣ್ಣ ಮಳೆಯ ಪ್ರಮಾಣವೊಂದನ್ನೇ ಹೇಳುವುದಿಲ್ಲ, ಅದು ಬರುವ ಸಂಭವ ಎಷ್ಟು, ಬಂದರೆ ಆಗುವ ಪರಿಣಾಮ ಎಷ್ಟು ಎಂಬುದನ್ನೂ ಸೇರಿಸಿ ಹೇಳುತ್ತದೆ. ನಾವು ಮೂರನ್ನೂ ‘ಅಲರ್ಟ್ ಘೋಷಣೆ’ ಎಂಬ ಒಂದೇ ಡಬ್ಬಕ್ಕೆ ಹಾಕುತ್ತೇವೆ. ಮಲೆನಾಡಿನ, ಕರಾವಳಿಯ ಗೆಳೆಯರು ಹೇಳುತ್ತಾರೆ: ಜುಲೈ ಪೂರ್ತಿ ದಿನವೂ ‘ಭಾರಿ’, ದಿನವೂ ‘ಅಲರ್ಟ್’ ಎಂದು ಓದಿ ಓದಿ ಜನ ನಗುತ್ತಾರಂತೆ. ನಿಜವಾದ ಕೆಂಪು ಬಂದ ದಿನವೂ ನಕ್ಕರೆ?

ಸಮುದ್ರದ ಸುದ್ದಿಯಲ್ಲಿ ಇನ್ನೂ ವಿಚಿತ್ರ. ಗಾಳಿ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದಾಗ ‘ಲೋ ಪ್ರೆಶರ್’, 31 ಮುಟ್ಟಿದರೆ ‘ಡಿಪ್ರೆಶನ್’, 50 ದಾಟಿದರೆ ‘ಡೀಪ್ ಡಿಪ್ರೆಶನ್’. ಈ ಮೂರಕ್ಕೂ ನಮ್ಮ ಕನ್ನಡ ಒಂದೇ: ‘ವಾಯುಭಾರ ಕುಸಿತ’. ಮೀನುಗಾರನಿಗೆ ದೋಣಿ ಇಳಿಸಬೇಕೋ ದಡಕ್ಕೆ ಎಳೆಯಬೇಕೋ ಎಂಬ ವ್ಯತ್ಯಾಸ ಆ ಮೂರು ಮೆಟ್ಟಿಲುಗಳಲ್ಲೇ ಇದೆ. ಆಮೇಲೆ ಚಂಡಮಾರುತವಾದರೆ ತೀವ್ರ, ಅತಿ ತೀವ್ರ, ಅತ್ಯಂತ ತೀವ್ರ ಎಂದು ಮತ್ತೆ ಅದೇ ಅತಿ–ಅತ್ಯಂತದ ಗೊಂದಲ. 2021ರ ಮೇ ತಿಂಗಳಿನಲ್ಲಿ ‘ತೌಕ್ತೆ’ ಮೂರ್ನಾಲ್ಕು ದಿನದಲ್ಲಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿತು. ನಮ್ಮ ಕರಾವಳಿಯಲ್ಲೂ ಹಾನಿ ಮಾಡಿ ಗುಜರಾತಿಗೆ ಅಪ್ಪಳಿಸಿತು.

ಅಪರಾಧ ಸುದ್ದಿಯ ಗೆಳೆಯರು ಇದು ಹವಾಮಾನದವರ ಗೋಳು ಎಂದು ದಾಟಿಹೋಗಬೇಡಿ. ಎಫ್‌ಐಆರ್‌ನಲ್ಲಿ ‘ಗ್ರೀವಸ್ ಹರ್ಟ್’ ಎಂದಿದ್ದರೆ ‘ಗಂಭೀರ ಗಾಯ’ ಎನ್ನುತ್ತೇವೆ. ಆಸ್ಪತ್ರೆಯವರು ‘ಕ್ರಿಟಿಕಲ್’ ಎಂದರೂ ‘ಗಂಭೀರ’ ಎನ್ನುತ್ತೇವೆ. ‘ಗ್ರೀವಸ್’ ಕಾನೂನಿನ ಏಣಿಯ ಪದ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂನ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೂ ಅದು ‘ಗ್ರೀವಸ್’. ಹದಿನೈದು ದಿನ ತೀವ್ರ ನೋವಿನಲ್ಲಿ ನರಳಿದರೂ ‘ಗ್ರೀವಸ್’. ಹಳೆಯ ಐಪಿಸಿಯಲ್ಲಿ ಇದು ಇಪ್ಪತ್ತು ದಿನ ಇತ್ತು. ‘ಕ್ರಿಟಿಕಲ್’ ವೈದ್ಯರ ಏಣಿಯ ಪದ, ಜೀವಕ್ಕೆ ಅಪಾಯವಿದೆ ಎಂದು ಅರ್ಥ. ಒಂದು ಹಲ್ಲು ಮುರಿದವನ ಸುದ್ದಿಯಲ್ಲಿ ‘ಗಂಭೀರ ಗಾಯ’ ಎಂದು ಓದಿ, ದೂರದ ಊರಿನಲ್ಲಿ ಕೂಲಿಗೆ ಹೋದ ಅಣ್ಣ ರಾತ್ರೋರಾತ್ರಿ ಬಸ್ ಹತ್ತಿ ಬಂದದ್ದನ್ನು ನಾನು ನೋಡಿದ್ದೇನೆ. ಎರಡು ದಿನದ ಕೂಲಿ, ಬಸ್ ಚಾರ್ಜು, ದಾರಿಯುದ್ದಕ್ಕೂ ಅನುಭವಿಸಿದ ಹೆದರಿಕೆ, ಎಲ್ಲಕ್ಕೂ ಕಾರಣ ನಮ್ಮ ಒಂದು ಪದ.

ಈಗ ನೀವು ಕೇಳಬಹುದು, ಇಂಗ್ಲಿಷಿನಷ್ಟು ಮೆಟ್ಟಿಲು ಕನ್ನಡದಲ್ಲಿ ಇಲ್ಲವಲ್ಲ, ನಾವೇನು ಮಾಡಬೇಕು ಎಂದು. ನಾನು ಒಪ್ಪುವುದಿಲ್ಲ. ಜಿನುಗು, ತುಂತುರು, ಸೋನೆ, ಜಡಿ, ಧಾರಾಕಾರ, ಕುಂಭದ್ರೋಣ ಎನ್ನುವ ಭಾಷೆಗೆ ಮಳೆಯ ಪದ ಕಡಿಮೆ ಬಿತ್ತೇ? ಆದರೆ ನನ್ನ ವಾದ ಪದಸಂಪತ್ತಿನದಲ್ಲ. ಪದ ಎಷ್ಟಿದ್ದರೂ, ಒಂದೊಂದರ ಕೆಳಗೆ ಕಣ್ಣಿಗೆ ಕಾಣುವ ಒಂದು ವಸ್ತು ಇಲ್ಲದಿದ್ದರೆ ಏಣಿ ನಿಲ್ಲುವುದಿಲ್ಲ.

ಇದನ್ನು ಇನ್ನೂರು ವರ್ಷಗಳ ಹಿಂದೆಯೇ ಅರ್ಥಮಾಡಿಕೊಂಡವನು ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್. ಒಬ್ಬ ನಾವಿಕನ ‘ಜೋರು ಗಾಳಿ’ ಇನ್ನೊಬ್ಬನಿಗೆ ‘ತಂಗಾಳಿ’. ಹಾಗಾಗಿ 1805ರ ಸುಮಾರಿಗೆ ಅವನು ಗಾಳಿಯ ಇಂಗ್ಲಿಷ್ ಪದಗಳನ್ನು ಸೊನ್ನೆಯಿಂದ ಹನ್ನೆರಡರವರೆಗೆ ಸಾಲಾಗಿ ಜೋಡಿಸಿದ: ಕಾಮ್, ಬ್ರೀಜ್, ಗೇಲ್, ಸ್ಟಾರ್ಮ್, ಹರಿಕೇನ್. ಮುಂದೆ ಪ್ರತಿ ಮೆಟ್ಟಿಲಿಗೂ ಒಂದು ಗುರುತು ಕೊಟ್ಟ: ಆ ಗಾಳಿಗೆ ಯುದ್ಧನೌಕೆ ಎಷ್ಟು ಹಾಯಿ ಬಿಚ್ಚಬಹುದು ಎಂಬುದೇ ಆ ಗುರುತು. ನಂತರದವರು ನೆಲದ ಮೇಲಿನವರಿಗೂ ಗುರುತುಗಳನ್ನು ಸೇರಿಸಿದರು. ಸೊನ್ನೆಗೆ ಹೊಗೆ ನೆಟ್ಟಗೆ ಏರುತ್ತದೆ. ಎರಡಕ್ಕೆ ಎಲೆ ಸದ್ದು ಮಾಡುತ್ತದೆ. ನಾಲ್ಕಕ್ಕೆ ಧೂಳು, ಕಾಗದ ಏಳುತ್ತವೆ. ಆರಕ್ಕೆ ಕೊಡೆ ಹಿಡಿಯುವುದು ಕಷ್ಟ. ಎಂಟಕ್ಕೆ ಮರದ ಟೊಂಗೆ ಮುರಿಯುತ್ತದೆ. ಗಾಳಿ ಅಳೆಯುವ ಯಂತ್ರ ಕೈಯಲ್ಲಿ ಇಲ್ಲದವನಿಗೂ ಮೆಟ್ಟಿಲು ತಿಳಿಯುತ್ತದೆ.

ನಮ್ಮ ಹಳ್ಳಿಯವರು ಮಾಡುವುದೂ ಇದನ್ನೇ. ನಮ್ಮ ಕಡೆ ಯಾರೂ ‘ಮಾಡರೇಟ್’ ಎನ್ನುವುದಿಲ್ಲ, ‘ಸಾಧಾರಣ’ ಎನ್ನುವುದೂ ಇಲ್ಲ. ಹದ ಮಳೆ ಎನ್ನುತ್ತಾರೆ, ಅಂದರೆ ಬಿತ್ತಲು ಬೇಕಾದಷ್ಟು ಮಣ್ಣು ನೆನೆದಿದೆ. ಒಡ್ಡು ತುಂಬಿತು ಎನ್ನುತ್ತಾರೆ. ಹಳ್ಳ ಬಂತು ಎನ್ನುತ್ತಾರೆ. ಒಡ್ಡು ಒಡೆಯಿತು ಎನ್ನುತ್ತಾರೆ. ಕೆರೆ ಕೋಡಿ ಬಿತ್ತು ಎನ್ನುತ್ತಾರೆ. ಇದು ಪೂರ್ತಿ ಏಣಿ, ಒಂದೊಂದು ಮೆಟ್ಟಿಲಿನ ಕೆಳಗೂ ನೋಡಬಹುದಾದ ಒಂದು ವಸ್ತು ಇದೆ. ಕಾಫಿ ನಾಡಿನವರು ಇಂಚು, ಸೆಂಟುಗಳಲ್ಲಿ ಮಳೆ ಬರೆದಿಡುತ್ತಾರೆ. ನನ್ನ ಮಗಳು ಮಾಡಿದ್ದೂ ಅದೇ, ‘ವಾರ್ಮ್’ ಎಂದರೆ ತಮ್ಮನಿಗೆ ಎರೆಯುವ ನೀರು. ಡಿಪ್ಲೊಮಾ ಮಾಡಿದ ನಾವು ಮಾತ್ರ ವಸ್ತು ಬಿಟ್ಟು ಪದ ಹಿಡಿದೆವು.

ಡೆಸ್ಕಿನ ಕಡೆಯ ವಾದವೂ ಇದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಓದುಗರಿಗೆ ಮಿಲಿಮೀಟರ್ ಬೇಡ, ತಲೆಬರಹದಲ್ಲಿ ಜಾಗ ಇಲ್ಲ, ಅಧಿಕೃತ ಪದ ಬದಲಿಸಲು ನಮಗೆ ಅಧಿಕಾರ ಇಲ್ಲ ಎನ್ನುತ್ತಾರೆ. ಮೊದಲನೆಯದಕ್ಕೆ ಉತ್ತರ: ಚಿನ್ನದ ದರ ಗ್ರಾಮಿನಲ್ಲಿ, ಅಡಿಕೆ ದರ ಕ್ವಿಂಟಲಿನಲ್ಲಿ, ಜಲಾಶಯದ ಮಟ್ಟ ಅಡಿಯಲ್ಲಿ ಓದುವ ಓದುಗನಿಗೆ ಮಿಲಿಮೀಟರ್ ಭಾರವಾಗುವುದಿಲ್ಲ. ಎರಡನೆಯದಕ್ಕೆ: ತಲೆಬರಹ ನಿಮ್ಮದೇ ಇರಲಿ, ಒಳಗಿನ ಒಂದು ಸಾಲು ನಮಗೆ ಬಿಡಿ. ಮೂರನೆಯದು ಗಟ್ಟಿ ವಾದ. ಅಧಿಕೃತ ಪದವನ್ನು ನಾವು ಮನಸ್ಸಿಗೆ ಬಂದಂತೆ ಬದಲಿಸಬಾರದು. ಆದರೆ ಅಧಿಕೃತ ಪದವೂ ಶಾಶ್ವತವಲ್ಲ. 2016ರಲ್ಲಿ ಹವಾಮಾನ ಇಲಾಖೆ ‘ಡ್ರಾಟ್’ ಎಂಬ ಪದವನ್ನೇ ಕೈಬಿಟ್ಟು ‘ಡಿಫಿಷಿಯೆಂಟ್ ಇಯರ್’ ಎಂದು ಬಳಸತೊಡಗಿತು. ಬರದ ವರ್ಷ ‘ಕೊರತೆಯ ವರ್ಷ’ವಾಯಿತು, ಹೊಲ ಮಾತ್ರ ಹಾಗೆಯೇ ಇತ್ತು. ಪದ ಬದಲಾದಾಗಲೂ ಬದಲಾಗದೆ ಉಳಿಯುವುದು ಅಳತೆ. ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗಾಗಿ ನಾನು ಕೆಲವು ರೂಢಿ ಮಾಡಿಕೊಂಡಿದ್ದೇನೆ. ದೊಡ್ಡ ಸುಧಾರಣೆ ಏನಲ್ಲ.

ಮಳೆಯ ಪದ ಬರೆದ ಕಡೆ ಅದರ ಮಿಲಿಮೀಟರ್ ಬರೆಯುತ್ತೇನೆ. ‘15ರಿಂದ 64 ಮಿ.ಮೀ.ವರೆಗೆ ಬೀಳಬಹುದು’ ಎಂದು ಒಂದೇ ಸಾಲು. ‘ಸಾಧಾರಣ’ ಬಿಟ್ಟು ‘ಮಧ್ಯಮ’ ಎನ್ನುತ್ತೇನೆ. ‘ಮಧ್ಯಮ’ ಎಂದಾಗ ಮೇಲೊಂದು ಕೆಳಗೊಂದು ಇದೆ ಎಂದು ಕಿವಿಗೆ ತಾನಾಗಿ ತಿಳಿಯುತ್ತದೆ. ಮಕ್ಕಳ ಸುದ್ದಿಯಲ್ಲಿ ‘ಹಳದಿ ಪಟ್ಟಿಯ ಮಕ್ಕಳು’ ಎಂದು ಬರೆದು, ಇವರು ಕೆಂಪಿಗೆ ಜಾರಬಹುದಾದವರು ಎಂದು ಸೇರಿಸುತ್ತೇನೆ. ‘ಎಷ್ಟು ಮಳೆ’ ಮತ್ತು ‘ಎಷ್ಟು ಕಡೆ ಮಳೆ’ ಬೆರೆಸುವುದಿಲ್ಲ. ಇಲಾಖೆ ‘ಐಸೊಲೇಟೆಡ್’ ಎಂದರೆ ನಾಲ್ಕರಲ್ಲಿ ಒಂದು ಕಡೆ ಅಥವಾ ಅದಕ್ಕಿಂತ ಕಡಿಮೆ ಎಂದು ಅರ್ಥ, ಅದನ್ನು ‘ಜಿಲ್ಲೆಯಾದ್ಯಂತ’ ಮಾಡುವುದಿಲ್ಲ. ‘ಗ್ರೀವಸ್’ ಎಂದಿದ್ದರೆ ಏನು ಮುರಿದಿದೆ ಎಂದು ಕೇಳಿ ಅದನ್ನೇ ಬರೆಯುತ್ತೇನೆ: ಹಲ್ಲು ಮುರಿದಿದೆ, ಕೈ ಮುರಿದಿದೆ. ಹಾಗೆ ಬರೆದರೆ ‘ಗಂಭೀರ’ ಬೇಕಾಗುವುದೇ ಇಲ್ಲ. ಮಳೆ ಬಿದ್ದ ಮರುದಿನ ‘ಭಾರಿ’ ಬರೆಯುವ ಮೊದಲು ಗ್ರಾಮ ಪಂಚಾಯಿತಿಯ ಮಳೆಮಾಪನದ ಅಂಕಿ ನೋಡುತ್ತೇನೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಅದು ಸಿಗುತ್ತದೆ, ಅವರ ‘ವರುಣಮಿತ್ರ’ ಸಹಾಯವಾಣಿಗೆ ರೈತರೇ ಫೋನ್ ಮಾಡಿ ಕೇಳಬಹುದು. ಅಂಕಿ ಸಿಗದಿದ್ದರೆ ಒಡ್ಡು ತುಂಬಿತೋ, ಹಳ್ಳ ಬಂತೋ ಎಂದು ಇಬ್ಬರನ್ನು ಕೇಳಿ ಅಷ್ಟನ್ನೇ ಬರೆಯುತ್ತೇನೆ.

ಇಲ್ಲಿ ಬರೆಯುವ ನಾವೆಲ್ಲ ಬೇರೆ ಬೇರೆ ಜಿಲ್ಲೆಗಳಲ್ಲಿ ಇದ್ದೇವೆ. ಒಬ್ಬೊಬ್ಬರೂ ನಿಮ್ಮ ಕಡೆಯ ಮಳೆಯ ಏಣಿಯನ್ನು, ಜನ ಆಡುವ ಮಾತಿನಲ್ಲೇ, ಮಿಲಿಮೀಟರ್ ಪಕ್ಕದಲ್ಲಿಟ್ಟು ಬರೆದರೆ ಒಂದು ಒಳ್ಳೆಯ ಪಟ್ಟಿಯಾಗುತ್ತದೆ. ನಮ್ಮಲ್ಲಿ ಎಷ್ಟು ಮಿಲಿಮೀಟರಿಗೆ ಹಳ್ಳ ಬರುತ್ತದೆ? ಎರಡು ಮಳೆಗಾಲ ಗಮನಿಸಿ ಬರೆದಿಟ್ಟರೆ ಉತ್ತರ ಸಿಗುತ್ತದೆ. ಮಣ್ಣು, ಇಳಿಜಾರು ಬೇರೆಯಾದಂತೆ ಆ ಉತ್ತರ ಊರಿಂದ ಊರಿಗೆ ಬೇರೆಯಾಗುತ್ತದೆ. ದೂರದಲ್ಲಿ ಕುಳಿತವರು ಅದನ್ನು ಬರೆಯಲಾರರು. ಅಲ್ಲೇ ಇರುವ ಸ್ಟ್ರಿಂಗರ್ ಬರೆಯಬಲ್ಲ.

ಹೋದ ಅಕ್ಟೋಬರಿನಲ್ಲಿ ಮತ್ತೆ ಅದೇ ‘ಲೈಟ್ ಟು ಮಾಡರೇಟ್’ ಬಂತು. ನಾನು ‘ಹಗುರದಿಂದ ಮಧ್ಯಮ’ ಎಂದು ಬರೆದು, 64 ಮಿ.ಮೀ.ವರೆಗೂ ಬೀಳಬಹುದು, ಕಣದಲ್ಲಿ ಹರವಿದ ಕಾಳು ಮುಚ್ಚುವುದು ಒಳ್ಳೆಯದು ಎಂಬ ಸಾಲು ಸೇರಿಸಿ ಕಳಿಸಿದೆ. ಡೆಸ್ಕಿನವರು ‘ಮಧ್ಯಮ’ ತೆಗೆದು ‘ಸಾಧಾರಣ’ ಹಾಕಿದರು. ಕೊನೆಯ ಸಾಲು ಮಾತ್ರ ಹೇಗೋ ಉಳಿಯಿತು. ಬೆಳಿಗ್ಗೆ ಕಾಕಾನ ಫೋನ್ ಬಂತು. “ಹದ ಮಳಿನೋ, ಹಳ್ಳ ಬರೋ ಮಳಿನೋ?” ಎಂದು ಕೇಳಿದ. ಎರಡರ ನಡುವೆ ಏನಾದರೂ ಆಗಬಹುದು ಕಾಕಾ ಎಂದೆ. “ಹಂಗಾರ ಮುಚ್ತೀನಿ ಬಿಡು” ಎಂದು ಫೋನ್ ಇಟ್ಟ.

ಆ ರಾತ್ರಿ ಬಿದ್ದದ್ದು 9 ಮಿ.ಮೀ. ಮಾತ್ರ. ಆಳಿನ ಖರ್ಚು ದಂಡವಾಯಿತಲ್ಲ ಎಂದು ಮರುದಿನ ಕೇಳಿದೆ. ಕಾಕಾ ತಾಡಪತ್ರಿ ಕೊಡವುತ್ತ, “ಜ್ವಾಳ ಒಣಗ್ಯಾವಲ್ಲ” ಎಂದ.